‘ಮುರಿದುಬಿತ್ತು’ ಅಂದರೆ, ಮುರಿದದ್ದು ಯಾರು?

ಪ್ರಿಯರೇ,

ನಿಮ್ಮ ಕಥೆ ಓದಿ ನಾಲ್ಕು ದಿನ ಆಯ್ತು. ಬೇಡ ಅನ್ನಿಸಿದ ಕಥೆಗೆ ಎರಡು ಸಾಲು ಬರೆದು ವಾಪಸ್ ಕಳಿಸುವುದು ನಮ್ಮ ರೂಢಿ. ನಿಮ್ಮದಕ್ಕೆ ಹಾಗೆ ಮಾಡಲು ಆಗಲಿಲ್ಲ. ಸಿಟ್ಟು ಬಂದಿದೆ. ಸುಮಾರಾದ ಕಥೆ ಓದಿದರೆ ನನಗೆ ನಿದ್ದೆ ಬರುತ್ತದೆ, ಸಿಟ್ಟು ಬರುವುದಿಲ್ಲ. ಅಷ್ಟರ ಮಟ್ಟಿಗೆ ಸಮಾಧಾನ ಮಾಡಿಕೊಳ್ಳಿ.

ಉಳಿದ ಓದುಗರಿಗಾಗಿ ಕಥೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾಸರಗೋಡಿನ ಬದಿಯಡ್ಕದ ಹತ್ತಿರ ಅಡಿಕೆ ತೋಟ ಇರುವ ಮೂವತ್ತೊಂಬತ್ತರ ಗಂಡಸು. ಮದುವೆ ಆಗಿಲ್ಲ. ನಾಳೆ ಮತ್ತೊಂದು ಹೆಣ್ಣು ನೋಡುವುದಿದೆ. ಹಿಂದಿನ ರಾತ್ರಿ ನಿದ್ದೆ ಹತ್ತದೆ, ಕೈತಪ್ಪಿಹೋದ ಮೂರು ಪ್ರೀತಿಗಳನ್ನು ನೆನೆಯುತ್ತಾನೆ. ಉಳಿಯುವ ಪ್ರೀತಿ ಅಂತ ಒಂದಿದೆಯಾ ಅಂತ ಕೇಳಿಕೊಳ್ಳುತ್ತಾನೆ. ಅಷ್ಟರಲ್ಲಿ ಕೋಳಿ ಕೂಗುತ್ತದೆ.

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಹಿಂದೊಮ್ಮೆ ಹೆಣ್ಣು ನೋಡಲು ಹೋದಾಗಿನ ಆ ನೀಲಿ ಬೆರಳು. ಹಿಂದಿನ ದಿನವಷ್ಟೇ ತೋಟಕ್ಕೆ ಕೊಳೆರೋಗದ ಮದ್ದು ಬಿಟ್ಟಿದ್ದಾನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಅಳತೆ ಸರಿಯಾಗಿ ಬರೆದಿದ್ದೀರಿ. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಬಣ್ಣ ಹೋಗಿಲ್ಲ. ಕಾಫಿ ಲೋಟವನ್ನು ಅಂಗೈಯಲ್ಲಿ ಮುಚ್ಚಿಕೊಂಡು ಹಿಡಿಯುತ್ತಾನೆ. ಲೋಟ ಸುಡುತ್ತದೆ, ಬಿಡುವ ಹಾಗಿಲ್ಲ. ಈ ಐದು ಸಾಲು ಕಂಡವರು ಮಾತ್ರ ಬರೆಯಬಹುದಾದದ್ದು. ಭಾಷೆ ಶುದ್ಧವಾಗಿದೆ, ಕಾಗುಣಿತ ತಪ್ಪಿಲ್ಲ. ಹೊಗಳಿಕೆ ಮುಗಿಯಿತು.

ಈಗ ಮೂರು ವಾಕ್ಯಗಳಿಗೆ ಬರೋಣ. ಮೂರು ಪ್ರೀತಿಗಳೂ ಒಂದೊಂದು ವಾಕ್ಯದಲ್ಲಿ ಮುಗಿದಿವೆ.

ಮೊದಲನೆಯದು, ಕಾಸರಗೋಡಿನ ಕಾಲೇಜಿನ ಹುಡುಗಿ: “ಕಾಲದ ಪ್ರವಾಹದಲ್ಲಿ ಅವಳು ದೂರವಾದಳು.” ಯಾವ ಪ್ರವಾಹ ಮಾರಾಯ್ರೇ? ಅವಳ ಮನೆ ನೀರ್ಚಾಲಿನಲ್ಲಿ ಅಂತ ನೀವೇ ಬರೆದಿದ್ದೀರಿ. ಬದಿಯಡ್ಕದಿಂದ ಬಸ್ಸು ಹತ್ತಿದರೆ ಟಿಕೆಟ್ ತೆಗೆದು ಚಿಲ್ಲರೆ ಎಣಿಸುವಷ್ಟರಲ್ಲಿ ನೀರ್ಚಾಲು. ಅಷ್ಟು ಹತ್ತಿರದವಳು ದೂರವಾಗಬೇಕಾದರೆ ಯಾರೋ ಒಬ್ಬರು ಬಸ್ಸು ಹತ್ತುವುದನ್ನು ನಿಲ್ಲಿಸಿರಬೇಕು, ಅಲ್ವಾ? ಯಾರು? ಯಾವ ವಾರದಿಂದ? ಏನು ನೆಪ ಹೇಳಿ?

ಎರಡನೆಯದು, ಮಂಜೇಶ್ವರದ ಟೀಚರು: “ನಮ್ಮ ನಡುವಿನ ಸಂಬಂಧ ಅದು ಹೇಗೋ ಮುರಿದುಬಿತ್ತು.”

ಈ ವಾಕ್ಯದ ಹತ್ತಿರ ನಾನು ಪೆನ್ನು ಕೆಳಗಿಟ್ಟೆ. ಯಾಕೆ ಅಂದರೆ ಇದೇ ವಾಕ್ಯವನ್ನು ನಾನೂ ಬರೆದಿದ್ದೆ. ಇಪ್ಪತ್ತೆರಡರ ವಯಸ್ಸಿನಲ್ಲಿ, ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದ ಹೊಸತರಲ್ಲಿ. ಆಗಿನ್ನೂ ಒಂದೊಂದೇ ಅಕ್ಷರದ ಅಚ್ಚಿನ ಮೊಳೆ ಜೋಡಿಸುವ ಕಾಲ. ನನ್ನ ಮೊದಲ ಕಥೆ, ಪ್ರೇಮಕಥೆಯೇ, ಜೋಡಿಸಲು ಕೂತ ಹಿರಿಯರು ಅರ್ಧದಲ್ಲಿ ಎದ್ದು ಬಂದು, “ಮಾಣಿ, ನಿನ್ನ ಕಥೆಗೆ ಚುಕ್ಕಿ ಸಾಲುದಿಲ್ಲ” ಅಂದರು. ನಾನು ವಾಕ್ಯಕ್ಕೊಂದರಂತೆ ಮೂರು ಮೂರು ಚುಕ್ಕಿ ಇಟ್ಟಿದ್ದೆ. ಪೆಟ್ಟಿಗೆಯಲ್ಲಿ ಚುಕ್ಕಿಯ ಮೊಳೆ ನಿಜವಾಗಿಯೂ ಖಾಲಿಯಾಗಿತ್ತು! (ನಿಮ್ಮ ಕಥೆಯಲ್ಲಿ ನಲವತ್ತೊಂದು ಕಡೆ ಇವೆ. ಎಣಿಸಿದ್ದೇನೆ. ಈಗ ಕಂಪ್ಯೂಟರ್, ಚುಕ್ಕಿ ಮುಗಿಯುವುದಿಲ್ಲ. ಅದೇ ತೊಂದರೆ.)

ಆ ನೆಪದಲ್ಲಿ ಕಥೆ ಸಂಪಾದಕರ ಮೇಜಿಗೆ ಹೋಯಿತು. ಅವರು ಓದಿದರು. ‘ಮುರಿದುಬಿತ್ತು’ ಅನ್ನುವಲ್ಲಿ ಬೆರಳಿಟ್ಟು ಕೇಳಿದರು: “ಬಿತ್ತು ಅಂದ್ರೆ? ಅದೇನು ತೆಂಗಿನಕಾಯಿಯಾ, ತನ್ನಷ್ಟಕ್ಕೆ ಬೀಳ್ಲಿಕ್ಕೆ?” ನಾನು ಸುಮ್ಮನೆ ನಿಂತೆ. “ಮುರಿದದ್ದು ಯಾರು, ಅದನ್ನು ಬರೆದುಕೊಂಡು ಬಾ.”

ಎಂಟು ದಿನ ಬೇಕಾಯಿತು. ಒಂದು ವಾಕ್ಯಕ್ಕೆ. ‘ಅವಳು ಮುರಿದಳು’ ಅಂತ ಬರೆದೆ. ಸುಳ್ಳು ಅಂತ ಬರೆಯುವಾಗಲೇ ಗೊತ್ತಿತ್ತು. ‘ಮನೆಯವರು ಮುರಿದರು’ ಅಂತ ಬರೆದೆ. ಅದೂ ಅರ್ಧ ಸುಳ್ಳು, ಯಾಕೆ ಅಂದರೆ ನಾನು ಮನೆಯಲ್ಲಿ ಹೇಳಿಯೇ ಇರಲಿಲ್ಲ. ಕೊನೆಗೆ ಬರೆದದ್ದು ಇಷ್ಟು: ‘ಅವಳ ಮೂರು ಕಾಗದಗಳಿಗೆ ನಾನು ಉತ್ತರ ಬರೆಯಲಿಲ್ಲ. ನಾಲ್ಕನೆಯದು ಬರಲಿಲ್ಲ.’ ಆ ಹಾಳೆ ಕೊಡುವಾಗ ಕೈ ನಡುಗುತ್ತಿತ್ತು. ಸಂಪಾದಕರು ಓದಿ, ಏನೂ ಹೇಳದೆ ಮೊಳೆ ಜೋಡಿಸುವವರ ಕಡೆ ನೂಕಿದರು.

ನಮ್ಮ ಕನ್ನಡದಲ್ಲಿ ಈ ಅನುಕೂಲ ಜಾಸ್ತಿ ನೋಡಿ. ಮುರಿದುಬಿತ್ತು, ತಪ್ಪಿಹೋಯಿತು, ದೂರವಾಯಿತು, ಆಗಿಬಂದಿಲ್ಲ. ಮಾಡಿದವರು ಯಾರೂ ಇರುವುದಿಲ್ಲ, ಕೆಲಸ ಮಾತ್ರ ಆಗಿಬಿಟ್ಟಿರುತ್ತದೆ. ಮೇಲೆ ನಾನೇ ‘ಕೈತಪ್ಪಿಹೋದ ಪ್ರೀತಿ’ ಅಂತ ಬರೆದುಬಿಟ್ಟಿದ್ದೇನೆ. ಈಗ ಕಣ್ಣಿಗೆ ಬಿತ್ತು. ಇರಲಿ, ಅಳಿಸುವುದಿಲ್ಲ.

ಅದೇ ಟೀಚರು ಮಂಜೇಶ್ವರ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ಹೇಳುತ್ತಾರೆ: “ನಾನು ನಿನ್ನ ಬದುಕಿನಿಂದ ಶಾಶ್ವತವಾಗಿ ನಿರ್ಗಮಿಸುತ್ತಿದ್ದೇನೆ.” ಹೀಗೆ ಯಾರು ಮಾತಾಡುತ್ತಾರೆ? ಎರಡು ಪುಟದ ಹಿಂದೆ ‘ನಾವು ತುಳುವಿನಲ್ಲೇ ಜಗಳ ಆಡುತ್ತಿದ್ದೆವು’ ಅಂದವರು ನೀವೇ. ತುಳುವಿನಲ್ಲಿ ಜಗಳ ಆಡಿದವಳು ಬಿಟ್ಟುಹೋಗುವಾಗ ಮಾತ್ರ ಯಾಕೆ ನಾಟಕದ ಕನ್ನಡ ಹಿಡಿದಳು?

ನಮ್ಮ ಊರಿನಲ್ಲಿ ಹೊರಡುವವರು ಏನು ಹೇಳುತ್ತಾರೆ, ನೆನಪು ಮಾಡಿಕೊಳ್ಳಿ. ತುಳುವಿನಲ್ಲಿ ‘ಪೋದು ಬರ್ಪೆ’. ಮಲಯಾಳದಲ್ಲಿ ‘ಪೋಯಿಟ್ಟ್ ವರಾಂ’. ಕನ್ನಡದಲ್ಲಿ ‘ಹೋಗಿ ಬರ್ತೇನೆ’. ಬರೀ ‘ಹೋಗ್ತೇನೆ’ ಅಂದರೆ ಮನೆಯ ಅಜ್ಜಿ ಬೈಯುತ್ತಾರೆ. ಏಳು ಭಾಷೆಯ ಊರು ಅಂತ ಭಾಷಣದಲ್ಲಿ ಹೇಳಿಕೊಳ್ಳುತ್ತೇವೆ, ಕಥೆಯಲ್ಲಿ ಒಂದನ್ನೂ ಬಳಸುವುದಿಲ್ಲ. ಆ ಟೀಚರು ದಿನಾ ಸಂಜೆ ‘ಪೋದು ಬರ್ಪೆ’ ಅಂತ ಹೇಳಿ ರೈಲು ಹತ್ತುತ್ತಿದ್ದವಳು. ಆ ದಿನ ಬರೀ ‘ಪೋಪೆ’ ಅಂದಳು ಅಂತ ಬರೆದು ನೋಡಿ. ‘ನಿರ್ಗಮಿಸುತ್ತಿದ್ದೇನೆ’ ಯಾರಿಗೆ ಬೇಕು ಆಮೇಲೆ?

ಮೂರನೆಯದು ನನ್ನನ್ನು ಜಾಸ್ತಿ ಕೆರಳಿಸಿದ್ದು. ಮಂಗಳೂರಿನ ನರ್ಸು. ಎರಡು ವರ್ಷದ ಒಡನಾಟ. 2020ರ ಮಾರ್ಚಿನಲ್ಲಿ, ಕೊರೋನಾ ಕಾಲದಲ್ಲಿ, ಕೇರಳ-ಕರ್ನಾಟಕ ಗಡಿಯ ತಲಪಾಡಿ ಮುಚ್ಚಿತು. ನಿಮ್ಮ ವಾಕ್ಯ: “ಗಡಿ ನಮ್ಮನ್ನು ಬೇರೆ ಮಾಡಿತು.”

ಆ ದಿನಗಳನ್ನು ನಾನೂ ಕಂಡಿದ್ದೇನೆ. ಒಳದಾರಿಗಳಿಗೂ ಲಾರಿಯಲ್ಲಿ ಮಣ್ಣು ತಂದು ಸುರಿದಿದ್ದರು. ಐವತ್ತು ಕಿಲೋಮೀಟರ್ ದೂರದ ಮಂಗಳೂರಿನ ಆಸ್ಪತ್ರೆಗೆ ಆಂಬುಲೆನ್ಸೂ ದಾಟುವ ಹಾಗಿರಲಿಲ್ಲ. ವಿಷಯ ಕೇರಳ ಹೈಕೋರ್ಟಿಗೆ, ಸುಪ್ರೀಂ ಕೋರ್ಟಿಗೆ ಹೋಯಿತು. ಅದು ಸುಳ್ಳು ನೋವಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದಲೂ ಈ ಗೆರೆ ನಮ್ಮನ್ನು ಕಾಡಿದೆ. ಚಂದ್ರಗಿರಿ ಹೊಳೆಯಿಂದ ಉತ್ತರದ ಭಾಗ ಕರ್ನಾಟಕಕ್ಕೆ ಸೇರಲಿ ಅಂತ 1967ರಲ್ಲಿ ಗಡಿ ವಿವಾದದ ಮಹಾಜನ ಆಯೋಗದ ವರದಿ ಹೇಳಿದ್ದನ್ನು ನನ್ನ ತಂದೆ ಸಾಯುವವರೆಗೂ ಜಪಿಸುತ್ತಿದ್ದರು. ಅದಕ್ಕೇ ಹೇಳುತ್ತೇನೆ, ಗಡಿಯನ್ನು ಅಗ್ಗಕ್ಕೆ ಮಾರಬೇಡಿ.

ಮಣ್ಣಿನ ರಾಶಿ ಕಾರನ್ನು ತಡೆಯಿತು. ಫೋನನ್ನು ತಡೆಯಲಿಲ್ಲವಲ್ಲ? ಅವಳು ಆಸ್ಪತ್ರೆಯಲ್ಲಿ ಇಡೀ ದಿನ ಕೊರೋನಾದ ಆ ರಕ್ಷಣಾ ಉಡುಪಿನೊಳಗೆ ಬೆವರಿ, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುತ್ತಿದ್ದಳು ಅಂತ ನೀವೇ ಬರೆದಿದ್ದೀರಿ. ನಿಮ್ಮ ನಾಯಕ ಎಷ್ಟನೇ ದಿನ ಫೋನ್ ಎತ್ತಲಿಲ್ಲ? ರಸ್ತೆ ಬಿಟ್ಟ ಮೇಲೆ ಅವನು ತಲಪಾಡಿ ದಾಟಿದನಾ? ದಾಟದೆ ಇದ್ದರೆ ಆ ದಿನ ಏನು ಮಾಡುತ್ತಿದ್ದ? ಅಡಿಕೆ ಸುಲಿಯುತ್ತಿದ್ದನಾ? ಅವಳು ಕೊರೋನಾ ವಾರ್ಡಿನವಳು ಅಂತ ಅವನ ಅಮ್ಮ ಏನಾದರೂ ಅಂದರಾ? ಕಥೆ ಅಲ್ಲಿದೆ. ನೀವು ಅದರ ಮೇಲೂ ಮಣ್ಣು ಸುರಿದಿದ್ದೀರಿ.

ಮುಗಿಸುವ ರೀತಿ, ಶೀರ್ಷಿಕೆ, ಆ ಕೋಳಿ, ಇವುಗಳ ಬಗ್ಗೆ ಹೇಳಲಿಕ್ಕಿದೆ. ಇವತ್ತು ಬೇಡ.

ಕಥೆಯನ್ನು ವಾಪಸ್ ಕಳಿಸುತ್ತಿದ್ದೇನೆ. ಇಡೀ ಕಥೆ ತಿದ್ದಲು ಹೋಗಬೇಡಿ, ನೀಲಿ ಬೆರಳನ್ನಂತೂ ಮುಟ್ಟಬೇಡಿ. ಆ ಮೂರು ವಾಕ್ಯ ಮಾತ್ರ ಬರೆದು ಕಳಿಸಿ. ಒಂದೇ ದಿನದಲ್ಲಿ ಬರೆದು ಕಳಿಸಿದರೆ ನಾನು ಓದುವುದಿಲ್ಲ. ಶುಭಕಾರ್ಯ ಮಾಡದ ಆಟಿ ತಿಂಗಳು ಹತ್ತಿರ ಬಂತು, ಹೆಣ್ಣು ನೋಡಲು ಹೇಗೂ ಯಾರೂ ಕರೆಯುವುದಿಲ್ಲ. ಪುರುಸೊತ್ತು ಇರುತ್ತದೆ.

ನಿಮ್ಮ,
ಸಂಪಾದಕ