ಮೆಣಸಿನಕಾಯಿ ಬಿಟ್ಟರೂ ನಿಲ್ಲದ ರಕ್ತ

ಸಲಹೆಗೆಂದು ನನ್ನ ಹತ್ತಿರ ಬಂದ ಒಬ್ಬರ ಕಥೆ ಇದು. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಅವರಿಗೆ 41 ವರ್ಷ. ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ. ನಿದ್ದೆ ಬರ್ತಿಲ್ಲ ಅಂತ ಹುಬ್ಬಳ್ಳಿಗೆ ನನ್ನ ಹತ್ತಿರ ಬಂದಿದ್ದರು. ಹೆಂಡತಿಯನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು. ಮುಕ್ಕಾಲು ಗಂಟೆ ಮಾರ್ಕೆಟ್ ರೇಟು, ಸಾಲ, ಮಗನ ಫೀಸು ಇವೇ ಮಾತು. ಎದ್ದು ಹೊರಟವರು ಬಾಗಿಲ ಹತ್ತಿರ ನಿಂತರು.

"ಮೇಡಂರ, ಇನ್ನೊಂದು ಹೇಳೋದಿತ್ರಿ. ಸಂಡಾಸಕ್ಕ ಹೋದಾಗ ರಕ್ತ ಬೀಳ್ತದ್ರಿ. ಆರು ತಿಂಗಳಾತು. ಮನ್ಯಾಗ ಯಾರಿಗೂ ಗೊತ್ತಿಲ್ಲ."

ನಾನು ಮತ್ತೆ ಕೂರಿಸಿದೆ. ಆಗ ಅಣ್ಣನ ವಿಷಯ ಬಂತು. ಅಣ್ಣನಿಗೂ ಹೀಗೇ ಶುರುವಾಗಿತ್ತಂತೆ. ಮೂಲವ್ಯಾಧಿ ಎಂದು ಒಂದೂವರೆ ವರ್ಷ ಯಾರದೋ ಪುಡಿ ತಿಂದರು. ದೊಡ್ಡ ಕರುಳಿನ ಕ್ಯಾನ್ಸರ್ ಎಂದು ಗೊತ್ತಾದಾಗ ಅವರಿಗೆ 48. ಅಷ್ಟರಲ್ಲಿ ಲಿವರ್‌ಗೆ ಹರಡಿತ್ತು. ಮರು ವರ್ಷವೇ ತೀರಿಕೊಂಡರು. ಅಣ್ಣನ ಫೈಲನ್ನು ಇವರು ಸೀರೆ ಅಂಗಡಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದಿದ್ದರು. ಮಾತು ಮುಗಿಯುವ ತನಕ ಅದನ್ನು ತೊಡೆಯ ಮೇಲೆ ಒತ್ತಿ ಹಿಡಿದೇ ಇದ್ದರು.

ಇವರು ತಮಗೆ ತಾವೇ ಮಾಡಿಕೊಂಡ ಉಪಚಾರ ಕೇಳಿ ನನಗೆ ಸಂಕಟವಾಯಿತು. ಉಷ್ಣಕ್ಕೆ ರಕ್ತ ಹೋಗ್ತದೆ ಅಂತ ಮೆಣಸಿನಕಾಯಿ ಬಿಟ್ಟಿದ್ದರು. ಕರುಳಿಗೆ ಚುಚ್ಚುತ್ತದೆ ಅಂತ ಜೋಳದ ರೊಟ್ಟಿ, ಮಡಕಿಕಾಳು, ಪುಂಡಿಪಲ್ಯ ಎಲ್ಲಾ ಬಿಟ್ಟು ಮೆತ್ತಗಿನ ಅನ್ನಕ್ಕೆ ಇಳಿದಿದ್ದರು. ಬೀಡಿ ಮಾತ್ರ ಬಿಟ್ಟಿರಲಿಲ್ಲ. ಅಂದ್ರೆ ಕರುಳಿಗೆ ಬೇಕಾದ ನಾರಿನ ಅಂಶ ನಿಂತಿತ್ತು, ಬಿಡಬೇಕಾದ ಹೊಗೆ ಉಳಿದಿತ್ತು. ಹೆದರಿಕೆಯಲ್ಲಿ ಮನುಷ್ಯ ಏನಾದರೂ ಬಿಡಲೇಬೇಕು ಅನ್ಕೊಳ್ತಾನೆ, ಕೈಗೆ ಸಿಕ್ಕಿದ್ದನ್ನು ಬಿಡ್ತಾನೆ.

ಅಂದು ನಾನು ಮೊದಲು ಕೊಟ್ಟ ಸಲಹೆ ಒಂದೇ. ಹೆಂಡತಿಯನ್ನು ಒಳಗೆ ಕರೆದು ನೀವೇ ಹೇಳಿ ಅಂದೆ. ಹತ್ತು ನಿಮಿಷ ಸುಮ್ನೆ ಕೂತರು. ಕೊನೆಗೆ ಹೇಳಿದರು. ಆ ತಾಯಿ ಅಳಲಿಲ್ಲ. "ಮತ್ತ ಬಾತ್‌ರೂಮ್ ದಿನಾ ನೀವ ತೊಳಿತಿದ್ದದ್ದು ಇದಕ್ಕೇನು?" ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನಾವು ಮಾಂಸ ಮುಟ್ಟೋದಿಲ್ರಿ, ನಮ್ಮ ಭಾವಾರಿಗೆ ಅದ್ಹೆಂಗ ಬಂತು?" ಎಂದು ಕೇಳಿದರು.

ಒಳ್ಳೇ ಪ್ರಶ್ನೆ. ಸಾಸೇಜ್, ಬೇಕನ್‌ನಂಥ ಸಂಸ್ಕರಿಸಿದ ಮಾಂಸದಿಂದ ಈ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಹೇಳಿದ್ದು ನಿಜ. ಸಸ್ಯಾಹಾರಿಗಳಿಗೆ ಆ ಒಂದು ಕಾರಣ ಇಲ್ಲ, ಅಷ್ಟೇ. ವಯಸ್ಸು, ಮನೆತನ, ಬೀಡಿ ಸಿಗರೇಟು, ಸಾರಾಯಿ, ಬೊಜ್ಜು, ದಿನವಿಡೀ ಕೂತಲ್ಲೇ ಕೂರುವುದು ಇವುಗಳ ಅಪಾಯ ಸಸ್ಯಾಹಾರಿಗಳಿಗೂ ಇದೆ. ಅಣ್ಣ ಕುಡಿಯುತ್ತಿದ್ದ, ಅದಕ್ಕೇ ಬಂತು ಅಂತ ಊರಲ್ಲಿ ಆಡಿಕೊಳ್ಳುತ್ತಿದ್ದರಂತೆ. ಕುಡಿತದಿಂದ ಅಪಾಯ ಹೆಚ್ಚುತ್ತದೆ ನಿಜ. ಆದರೆ ಒಬ್ಬರಿಗೆ ಇದರಿಂದಲೇ ಬಂತು ಅಂತ ಯಾರೂ ಹೇಳಲಾರರು. ಆ ಮಾತನ್ನು ಮನೆಯೊಳಗೆ ತರಬೇಡಿ ಎಂದೆ.

ಆಮೇಲೆ ಲೆಕ್ಕ ಹಾಕಿದೆವು. ತಂದೆ, ತಾಯಿ, ಒಡಹುಟ್ಟಿದವರು, ಮಕ್ಕಳು, ಇವರಲ್ಲಿ ಯಾರಿಗಾದರೂ 60ಕ್ಕಿಂತ ಮೊದಲು ಈ ಕ್ಯಾನ್ಸರ್ ಬಂದಿದ್ದರೆ ಉಳಿದವರು 40ಕ್ಕೆ ಕೊಲೊನೋಸ್ಕೋಪಿ, ಅಂದ್ರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಒಳಗೆ ಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ, ಮಾಡಿಸಬೇಕು. ಇಲ್ಲವೇ ರೋಗಿಗೆ ಪತ್ತೆಯಾದ ವಯಸ್ಸಿಗಿಂತ 10 ವರ್ಷ ಮೊದಲೇ. ಯಾವುದು ಬೇಗ ಬರುತ್ತದೋ ಅದು. ಅವರು ಬೆರಳು ಮಡಚಿ ಎಣಿಸಿದರು. 48ರಲ್ಲಿ 10 ಕಳೆದರೆ 38. "ಮೂರು ವರ್ಷ ಬಾಕಿ ಬಿದ್ದದ್ರಿ," ಅಂದರು, ಖಾತೆಕಿರ್ದಿ ನೋಡಿದ ಹಾಗೆ.

ಅಷ್ಟು ಮೊದಲೇ ಯಾಕೆ ಅಂದ್ರೆ, ಕರುಳಿನ ಒಳಗೋಡೆಯಲ್ಲಿ ಮೊದಲು ಸಣ್ಣ ಗಂಟು ಬೆಳೆಯುತ್ತದೆ, ಪಾಲಿಪ್ ಅಂತಾರೆ. ಎಲ್ಲಾ ಗಂಟು ಕ್ಯಾನ್ಸರ್ ಆಗುವುದಿಲ್ಲ. ಆಗುವಂಥದ್ದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತದೆ. ಅಷ್ಟರಲ್ಲಿ ಅದನ್ನು ಕಂಡು ತೆಗೆದುಹಾಕಿದರೆ ಆ ಗಂಟಿನಿಂದ ಕ್ಯಾನ್ಸರ್ ಶುರುವೇ ಆಗುವುದಿಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು 30 ದಾಟಿದವರ ಪಟ್ಟಿ ಮಾಡುತ್ತಾರಲ್ಲ, ಆ ಸರ್ಕಾರಿ ತಪಾಸಣೆಯಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್. ಕರುಳಿನದು ಇಲ್ಲ. ಇದಕ್ಕೆ ನಾವೇ ಹೋಗಿ ಕೇಳಬೇಕು.

ಅವರ ಭಯ ಪರೀಕ್ಷೆಯದ್ದಲ್ಲ, ನಾಚಿಕೆಯದ್ದು. "ನರ್ಸ್ ಹೆಣ್ಮಕ್ಕಳು ಇರ್ತಾರೇನ್ರಿ?" ಇರ್ತಾರೆ ಎಂದೆ, ಸುಳ್ಳು ಹೇಳಲಿಲ್ಲ. ಗೌನ್ ಕೊಡ್ತಾರೆ, ಮೇಲೆ ಬಟ್ಟೆ ಹೊದಿಸ್ತಾರೆ, ಮಂಪರಿನ ಇಂಜೆಕ್ಷನ್ ಕೊಡ್ತಾರೆ, ಅರ್ಧ ಗಂಟೆ ಹೊತ್ತಿನ ಕೆಲಸ. ಕಷ್ಟದ್ದು ಹಿಂದಿನ ರಾತ್ರಿ. ಔಷಧದ ಪುಡಿ ಕಲಸಿದ ನೀರನ್ನು ಲೀಟರ್‌ಗಟ್ಟಲೆ ಕುಡಿಯಬೇಕು, ಕೊನೆಗೆ ತಿಳಿ ಹಳದಿ ನೀರಷ್ಟೇ ಹೋಗುವ ತನಕ. ಅಂದು ಸಂಡಾಸದ ಹತ್ತಿರವೇ ಹಾಸಿಗೆ ಹಾಸಿಕೊಳ್ಳಿ ಎಂದೆ. ಮಲದಲ್ಲಿ ರಕ್ತ ಇದೆಯಾ ಅಂತ ನೋಡುವ ಸರಳ ಪರೀಕ್ಷೆಯೂ ಇದೆ. ಅದು ಏನೂ ತೊಂದರೆ ಇಲ್ಲದವರಿಗೆ ಸರಿ. ಕಣ್ಣಿಗೆ ರಕ್ತ ಕಾಣುವವರು, ಮನೆತನದಲ್ಲಿ ರೋಗ ಇರುವವರು ನೇರವಾಗಿ ಡಾಕ್ಟರ ಹತ್ತಿರವೇ ಹೋಗಬೇಕು.

ಎರಡು ವಾರಕ್ಕೆ ಮಾಡಿಸಿಕೊಂಡು ಬಂದರು. ರಕ್ತ ಬರುತ್ತಿದ್ದದ್ದು ನಿಜವಾಗಿಯೂ ಮೂಲವ್ಯಾಧಿಯಿಂದಲೇ. ಆದರೆ ಒಳಗೆ ಮೇಲ್ಭಾಗದಲ್ಲಿ ಎರಡು ಸಣ್ಣ ಪಾಲಿಪ್ ಇದ್ದವು. ಅವು ಒಂದು ಹನಿ ರಕ್ತವನ್ನೂ ಸುರಿಸಿರಲಿಲ್ಲ, ಒಂದು ದಿನವೂ ನೋಯಿಸಿರಲಿಲ್ಲ. ಅಲ್ಲೇ ತೆಗೆದರು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಐದು ವರ್ಷಕ್ಕೆ ಮತ್ತೆ ಬರಲು ಡಾಕ್ಟರು ಹೇಳಿದ್ದಾರೆ. ಅಣ್ಣನಿಗೆ 50ರೊಳಗೇ ಬಂದದ್ದರಿಂದ ವಂಶವಾಹಿ ಪರೀಕ್ಷೆ ಬೇಕೇ ಎಂದು ಕೇಳಿ ಅಂತ ನಾನು ಚೀಟಿ ಬರೆದುಕೊಟ್ಟಿದ್ದೆ. ಅದನ್ನೂ ನೋಡುತ್ತಿದ್ದಾರೆ.

ರೊಟ್ಟಿ, ಕಾಳು, ಸೊಪ್ಪು ಮತ್ತೆ ತಟ್ಟೆಗೆ ಬಂದಿವೆ. ಊಟವಾದ ಮೇಲೆ ಗಂಡ ಹೆಂಡತಿ ಅರ್ಧ ಗಂಟೆ ನಡೆಯುತ್ತಾರೆ. ಬೀಡಿ ದಿನಕ್ಕೆ ಮೂರಕ್ಕೆ ಇಳಿದಿದೆ, ಬಿಟ್ಟಿಲ್ಲ. ಅದರ ಮೇಲೆ ಇನ್ನೂ ಕೆಲಸ ಮಾಡುತ್ತಿದ್ದೇವೆ.

ತಂಗಿ ರಾಣೆಬೆನ್ನೂರಿನಲ್ಲಿ ಇದ್ದಾಳೆ, 39 ವರ್ಷ. ಅವಳಿಗೂ ಬಾಕಿ ಬಿದ್ದಿದೆ. ಇವರೇ ಫೋನ್ ಮಾಡಿ ತಮ್ಮದೆಲ್ಲಾ ಹೇಳಿದರು, ರಕ್ತದಿಂದ ಹಿಡಿದು. ದೀಪಾವಳಿ ಮುಗೀಲಿ ಅಣ್ಣಾ ಅಂದಳಂತೆ. ಆಮೇಲೆ ಮಗಳ ಪರೀಕ್ಷೆ ಅಂದಳಂತೆ. ಈಗ ಪ್ರತಿ ಭಾನುವಾರ ಫೋನ್ ಮಾಡಿ, "ಯಾವಾಗ ಬರ್ತೀ? ನಾನ ಕರ್ಕೊಂಡು ಹೋಗ್ತೇನಿ," ಅಂತ ಕೇಳುತ್ತಿದ್ದಾರೆ. ಅವಳು ಹೋಗಿ ಬರುವ ತನಕ ಈ ಫೈಲನ್ನು ನಾನು ಮುಚ್ಚುವುದಿಲ್ಲ.