ಅರವತ್ತು ನರಕೋಶ, ಮೂರೇ ಇಲಿ: ಮಿದುಳಿನ ಪ್ರಯೋಗಗಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಔಷಧಿ ಕೊಟ್ಟ 3 ಇಲಿ, ಕೊಡದ 3 ಇಲಿ. ಒಂದೊಂದು ಇಲಿಯಿಂದ 20 ನರಕೋಶಗಳ ದಾಖಲೆ ತೆಗೆದಿದ್ದೇನೆ. ಗುಂಪಿಗೆ 60 ಎಂದು ಹಿಡಿದು ಟಿ-ಪರೀಕ್ಷೆ (ಎರಡು ಸರಾಸರಿಗಳ ಹೋಲಿಕೆ) ಮಾಡಿದರೆ ಪಿ-ಮೌಲ್ಯ, ಅಂದರೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ದೊಡ್ಡ ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವ, 0.001ಕ್ಕಿಂತ ಕಡಿಮೆ. ಆದರೂ ಪತ್ರಿಕೆಯ ಪರಿಶೀಲಕರು ಒಪ್ಪುತ್ತಿಲ್ಲ. ತಪ್ಪೆಲ್ಲಿ?

ಉತ್ತರ: ಅವರು ಹೇಳುತ್ತಿರುವುದೇ ಸರಿ. ಔಷಧಿ ಬಿದ್ದದ್ದು ಇಲಿಗೆ, ಬಿಡಿ ನರಕೋಶಕ್ಕಲ್ಲ. ಹಾಗಾಗಿ ಗುಂಪಿಗೆ ನಿಮ್ಮ ಎಣಿಕೆ 3. ಒಂದೇ ಇಲಿಯ ಕೋಶಗಳಿಗೆ ಅರಿವಳಿಕೆ ಒಂದೇ, ಶಸ್ತ್ರಕ್ರಿಯೆ ಒಂದೇ, ಇಲೆಕ್ಟ್ರೋಡ್ ಕೂಡ ಒಂದೇ. ಅವುಗಳ ಅಳತೆಗಳು ಒಂದನ್ನೊಂದು ಹೋಲುವುದು ಸಹಜ. ಈ ಹೋಲಿಕೆಯನ್ನು 0ಯಿಂದ 1ರೊಳಗಿನ ಸಂಖ್ಯೆಯಾಗಿ ಲೆಕ್ಕ ಹಾಕುತ್ತಾರೆ. ಅದು 0.3 ಎಂದಿಟ್ಟುಕೊಳ್ಳಿ: 1 + (20 − 1) × 0.3 = 6.7. ಅರವತ್ತನ್ನು 6.7ರಿಂದ ಭಾಗಿಸಿದರೆ ಸಿಗುವುದು ಸುಮಾರು 9. ಅರವತ್ತು ದಾಖಲೆಗಳಲ್ಲಿರುವುದು ಒಂಬತ್ತು ಸ್ವತಂತ್ರ ಅಳತೆಗಳಷ್ಟೇ ಮಾಹಿತಿ. ಅದೇ 60 ಕೋಶಗಳನ್ನು 12 ಇಲಿಗಳಿಂದ ಐದೈದರಂತೆ ತೆಗೆದಿದ್ದರೆ ಭಾಜಕ 2.2ಕ್ಕೆ ಇಳಿದು, ಬೆಲೆ 27ಕ್ಕೆ ಏರುತ್ತಿತ್ತು.

ಇಲಿಯನ್ನೂ ಲೆಕ್ಕಕ್ಕೆ ಸೇರಿಸುವ ಮಿಕ್ಸೆಡ್ ಮಾಡೆಲ್ ಸರಿಯಾದ ಸಾಧನವೇ. ಆದರೆ ಮೂರು ಇಲಿಗಳಿಂದ ಇಲಿ-ಇಲಿ ನಡುವಿನ ವ್ಯತ್ಯಾಸವನ್ನು ನಂಬುವಂತೆ ಅಂದಾಜಿಸಲು ಯಾವ ಸಾಫ್ಟ್‌ವೇರಿಗೂ ಆಗದು. ಇಲಿಗೊಂದು ಸರಾಸರಿ ತೆಗೆದು ರ‍್ಯಾಂಕ್ ಪರೀಕ್ಷೆ ಮಾಡಿದರೂ, 3ಕ್ಕೆ 3 ಇದ್ದಾಗ ಎರಡೂ ಬದಿಯ ಪಿ-ಮೌಲ್ಯ 0.1ಕ್ಕಿಂತ ಕೆಳಗಿಳಿಯುವುದೇ ಇಲ್ಲ. ಆರು ಇಲಿಗಳನ್ನು ಮೂರು-ಮೂರಾಗಿ ಹಂಚಲು ಇರುವ ದಾರಿಗಳು 20 ಮಾತ್ರ. ಎರಡು ತುದಿಗಳಿಗೆ ಒಂದೊಂದು ಎಂದರೆ 20ರಲ್ಲಿ 2, ಅದೇ 0.1.

ಹೊಸದಾಗಿ ಮಾಡುವಾಗ ಹಂಚಿಕೆಯನ್ನೂ ನೋಡಿಕೊಳ್ಳಿ. ಒಂದು ಸೂಲಿನ ಮರಿಗಳೆಲ್ಲ ಒಂದೇ ಗುಂಪಿಗೆ ಹೋದರೆ ನೀವು ಅಳೆದದ್ದು ಔಷಧಿಯನ್ನೋ ತಾಯಿಯನ್ನೋ ತಿಳಿಯದು. ಪ್ರತಿ ಸೂಲಿನೊಳಗೇ ಚೀಟಿ ಎತ್ತಿ. ಸೀಸೆಗಳಿಗೆ ಗುಪ್ತ ಸಂಖ್ಯೆ ಹಾಕುವ ಕೆಲಸ ಬೇರೆಯವರದಾಗಿರಲಿ. ಸ್ಪೈಕ್‌ಗಳನ್ನು (ನರಕೋಶದ ವಿದ್ಯುತ್ ಮಿಡಿತಗಳನ್ನು) ವಿಂಗಡಿಸಿ, ಯಾವ ಕೋಶ ಬಿಡಬೇಕೆಂದು ತೀರ್ಮಾನಿಸಿದ ಮೇಲಷ್ಟೇ ಆ ಗುಟ್ಟು ಒಡೆಯಲಿ. ಇಂಜೆಕ್ಷನ್ ಮುಗಿದ ಕೂಡಲೇ ಗುಟ್ಟು ಬಿಟ್ಟುಕೊಡುವವರೇ ಹೆಚ್ಚು. ಪಕ್ಷಪಾತ ನುಸುಳುವುದು ಅಲ್ಲಿಂದಾಚೆಗೆ.

ಪ್ರಶ್ನೆ: ಎಂಟು ಜನರ ಪ್ರಾಯೋಗಿಕ (ಪೈಲಟ್) ಅಧ್ಯಯನದಲ್ಲಿ ಪರಿಣಾಮದ ಗಾತ್ರ (ಸರಾಸರಿಗಳ ಅಂತರ, ಪ್ರಮಾಣ ವಿಚಲನೆಯ ಅಳತೆಯಲ್ಲಿ) 0.8 ಬಂತು. ಗುಂಪಿಗೆ 26 ಜನ ಸಾಕಲ್ಲವೇ?

ಉತ್ತರ: 0.8 ನಿಜವಾಗಿದ್ದರೆ ಸಾಕು (ಸಾಮರ್ಥ್ಯ, ಅಂದರೆ ಇರುವ ಪರಿಣಾಮ ಕಣ್ಣಿಗೆ ಬೀಳುವ ಸಂಭವ, ಶೇ 80; ಪಿ-ಮೌಲ್ಯದ ಮಿತಿ 0.05). ಎಂಟು ಜನರಿಂದ ಬಂದ ಅಂಕಿ ಅತ್ತಿತ್ತ ವಿಪರೀತ ಓಲಾಡುತ್ತದೆ. ದೊಡ್ಡದು ಬಂದಾಗ ಮಾತ್ರ ಮುಂದುವರಿಯುವುದು ನಮ್ಮ ಅಭ್ಯಾಸವಾದ್ದರಿಂದ, ಮುಂದುವರಿದ ಅಧ್ಯಯನಗಳೆಲ್ಲ ಉಬ್ಬಿದ ಅಂಕಿಯ ಮೇಲೆ ನಿಲ್ಲುತ್ತವೆ. ಅದನ್ನು ಬಿಟ್ಟು, ಇದಕ್ಕಿಂತ ಚಿಕ್ಕದಾದರೆ ನನಗೆ ಬೇಡ ಅನ್ನಿಸುವ ಗಾತ್ರ ಯಾವುದೆಂದು ಕೇಳಿಕೊಳ್ಳಿ. 0.5 ಆದರೆ ಗುಂಪಿಗೆ 64, 0.2 ಆದರೆ 394. ನರವಿಜ್ಞಾನದ ಅಧ್ಯಯನಗಳ ಸಾಮರ್ಥ್ಯದ ಮಧ್ಯಾಂಕ ಸುಮಾರು ಶೇ 21 ಎಂದು 2013ರ ಒಂದು ವಿಶ್ಲೇಷಣೆ ಅಂದಾಜಿಸಿತ್ತು. ಅಂದರೆ ಇರುವ ಪರಿಣಾಮವೂ ಐದರಲ್ಲಿ ನಾಲ್ಕು ಸಲ ಕೈತಪ್ಪುತ್ತದೆ.

ಪ್ರಶ್ನೆ: ಅಳತೆಯೊಂದರ ಏರಿಕೆಗೆ ರೋಗಿಗಳಲ್ಲಿ ಪಿ 0.03, ಆರೋಗ್ಯವಂತರಲ್ಲಿ 0.19. ಎರಡು ಗುಂಪು ಬೇರೆ ಎನ್ನಬಹುದೇ?

ಉತ್ತರ: ಆಗದು. ಮೊದಲ ಗುಂಪಿನ ಏರಿಕೆ 22, ಎರಡನೆಯದು 13, ಎರಡಕ್ಕೂ ಪ್ರಮಾಣ ದೋಷ (ಅಂದಾಜಿನ ಅನಿಶ್ಚಿತತೆ) 10 ಎನ್ನೋಣ. ವ್ಯತ್ಯಾಸ 9, ಅದರ ದೋಷ 14; ಪಿ ಸುಮಾರು 0.5. ಪರೀಕ್ಷಿಸಬೇಕಾದದ್ದು ಈ ವ್ಯತ್ಯಾಸವನ್ನೇ. 2011ರಲ್ಲಿ ಪ್ರಮುಖ ನಿಯತಕಾಲಿಕೆಗಳನ್ನು ಜಾಲಾಡಿದಾಗ, ಈ ತಪ್ಪಿಗೆ ಅವಕಾಶವಿದ್ದ 157 ಲೇಖನಗಳಲ್ಲಿ ಅರ್ಧದಷ್ಟು ಅದನ್ನು ಮಾಡಿಯೇ ಇದ್ದವು.

ಪ್ರಶ್ನೆ: ಎಫ್‌ಎಂಆರ್‌ಐ (ರಕ್ತದ ಹರಿವಿನ ಮೂಲಕ ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ದತ್ತಾಂಶ ಅದೇ, ಸಹೋದ್ಯೋಗಿಯ ಫಲಿತಾಂಶ ಮಾತ್ರ ಬೇರೆ. ಹೀಗೂ ಆಗುತ್ತದೆಯೇ?

ಉತ್ತರ: ಧಾರಾಳವಾಗಿ. 70 ತಂಡಗಳಿಗೆ ಒಂದೇ ದತ್ತಾಂಶ, ಒಂದೇ 9 ಊಹೆಗಳನ್ನು ಕೊಟ್ಟು ನೋಡಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಯಾವ ಎರಡು ತಂಡಗಳ ವಿಶ್ಲೇಷಣೆಯೂ ಒಂದೇ ಥರ ಇರಲಿಲ್ಲ; ಹಲವು ಊಹೆಗಳ ಉತ್ತರವೂ ತಂಡದಿಂದ ತಂಡಕ್ಕೆ ಬದಲಾಯಿತು. ಸ್ಮೂದಿಂಗ್ (ಅಕ್ಕಪಕ್ಕದ ಬಿಂದುಗಳನ್ನು ಬೆರೆಸಿ ಚಿತ್ರವನ್ನು ನಯಗೊಳಿಸುವುದು) 4 ಮಿ.ಮೀ.ಯೋ 8 ಮಿ.ಮೀ.ಯೋ, ತಲೆ ಎಷ್ಟು ಅಲುಗಾಡಿದರೆ ಆ ಚಿತ್ರ ಬಿಡಬೇಕು, ಚಿತ್ರದ ಪುಟ್ಟ ಘನಗಳಾದ ಸಾವಿರಾರು ವಾಕ್ಸೆಲ್‌ಗಳ ಪರೀಕ್ಷೆಯಲ್ಲಿ ಆಕಸ್ಮಿಕವಾಗಿ ಬರುವ ಸುಳ್ಳು ಫಲಿತಾಂಶಗಳಿಗೆ ತಿದ್ದುಪಡಿ ಯಾವುದು: ಇವನ್ನೆಲ್ಲ ದತ್ತಾಂಶ ತೆರೆಯುವ ಮೊದಲೇ ಬರೆದು, ದಿನಾಂಕದೊಂದಿಗೆ ನೋಂದಾಯಿಸಿ. ತಿದ್ದುಪಡಿ ಬಿಟ್ಟರೆ ಏನಾಗುತ್ತದೆಂದು ತೋರಿಸಲು ಸತ್ತ ಸಾಲ್ಮನ್ ಮೀನನ್ನೇ ಸ್ಕ್ಯಾನರಿನಲ್ಲಿಟ್ಟವರಿದ್ದಾರೆ. ಅದರ ಮಿದುಳಲ್ಲೂ 'ಚಟುವಟಿಕೆ' ಕಂಡಿತು.

ಆಯ್ಕೆಗಳೆಲ್ಲ ಒಂದೇ ಆಗಿದ್ದೂ ಅಂಕಿ ಬೇರೆ ಬಂದರೆ ಸಾಫ್ಟ್‌ವೇರಿನ ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಯಾದೃಚ್ಛಿಕ ಸಂಖ್ಯೆಯ ಸೀಡ್ (ಆ ಸರಣಿ ಶುರುವಾಗುವ ಅಂಕಿ), ಈ ಮೂರನ್ನು ಹೋಲಿಸಿ. ಫೈಲುಗಳು ಬಿಡ್ಸ್ ಮಾದರಿಯಲ್ಲಿರಲಿ (ಮಿದುಳಿನ ಚಿತ್ರಗಳ ಫೈಲುಗಳನ್ನು ಹೆಸರಿಸಿ ಜೋಡಿಸುವ ಸಾಮಾನ್ಯ ಪದ್ಧತಿ), ವಿಶ್ಲೇಷಣೆ ಕಂಟೇನರಿನೊಳಗೆ (ಬೇಕಾದ ತಂತ್ರಾಂಶಗಳೆಲ್ಲ ಒಟ್ಟಿಗಿರುವ ಪೊಟ್ಟಣ) ನಡೆಯಲಿ. ಕೊನೆಗೆ ಕೆಲಸದಲ್ಲಿ ಪಾಲ್ಗೊಳ್ಳದ ಒಬ್ಬರ ಕೈಗೆ ಫೋಲ್ಡರ್ ಕೊಟ್ಟು, ನಿಮ್ಮನ್ನು ಏನೂ ಕೇಳದೆ ಮೊದಲ ಚಿತ್ರ ತಯಾರಿಸಲು ಹೇಳಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲೊಂದು ಸಾಲು ವಿವರಣೆ ಸೇರಿಸಿ.