ಜುಡಿಯೊದ ಹಿಂದಿರುವ ಹದಿನೆಂಟು ವರ್ಷ

ಟಾಟಾ ಸಮೂಹದ ಟ್ರೆಂಟ್ ಸಂಸ್ಥೆ ಇಷ್ಟು ಬೇಗ ಬೆಳೆಯಲು ಅದರ ಬಟ್ಟೆ ಮಳಿಗೆಗಳ ಸರಣಿಯಾದ ಜುಡಿಯೊದ ಅಗ್ಗದ ಬೆಲೆಯೊಂದೇ ಕಾರಣವೇ ಎಂದು ತಾವು ಕೇಳಿದ್ದೀರಿ. ಜವಳಿ ಅಂಗಡಿಯ ಗಲ್ಲಾದಲ್ಲಿ ಹಲವು ವರ್ಷ ಕುಳಿತ ನನಗೆ, ಆ ಬೆಲೆಯು ಫಲವಾಗಿ ಕಾಣುತ್ತದೆಯೇ ಹೊರತು ಮೂಲವಾಗಿ ಕಾಣುವುದಿಲ್ಲ.

1998ರಲ್ಲಿ ಟಾಟಾ ಸಮೂಹವು ತನ್ನ ಲ್ಯಾಕ್ಮೆ ಸೌಂದರ್ಯವರ್ಧಕ ವ್ಯವಹಾರವನ್ನು ಹಿಂದೂಸ್ತಾನ್ ಲಿವರ್‌ಗೆ ಮಾರಿತು. ಲ್ಯಾಕ್ಮೆಯನ್ನು ಬೆಳೆಸಿದ್ದ ಸಿಮೋನ್ ಟಾಟಾ ಅವರ ನೇತೃತ್ವದಲ್ಲಿ ಆ ಹಣ ಟ್ರೆಂಟ್ ಮೂಲಕ ಬಟ್ಟೆ ವ್ಯಾಪಾರಕ್ಕೆ ಹರಿಯಿತು. ಬ್ರಿಟನ್ನಿನ ಲಿಟಲ್‌ವುಡ್ಸ್ ಬೆಂಗಳೂರಿನಲ್ಲಿ ನಡೆಸುತ್ತಿದ್ದ ಮಳಿಗೆಯನ್ನು ಕೊಂಡು ಅದಕ್ಕೆ ವೆಸ್ಟ್‌ಸೈಡ್ ಎಂದು ಹೆಸರಿಟ್ಟರು. ಈ ಬೆಳವಣಿಗೆಯ ಮೊದಲ ಹೆಜ್ಜೆ ನಮ್ಮ ರಾಜಧಾನಿಯಲ್ಲಿ ಮೂಡಿತೆಂಬುದು ನನಗೆ ಹೆಮ್ಮೆಯ ಸಂಗತಿ.

ನಿರ್ಣಾಯಕವಾದದ್ದು ಮುಂದಿನ ತೀರ್ಮಾನ. ಬೇರೆ ಮಳಿಗೆಗಳು ಹತ್ತಾರು ಕಂಪನಿಗಳ ಉಡುಪುಗಳನ್ನು ತಂದು ಮಾರುತ್ತಿದ್ದಾಗ, ವೆಸ್ಟ್‌ಸೈಡ್ ಬಹುಮಟ್ಟಿಗೆ ತನ್ನದೇ ಬ್ರ್ಯಾಂಡಿನ ಉಡುಪುಗಳನ್ನು ವಿನ್ಯಾಸಗೊಳಿಸಿ, ಹೊಲಿಸಿ, ತನ್ನ ಅಂಗಡಿಯಲ್ಲೇ ಮಾರತೊಡಗಿತು. ಇದರ ಮಹತ್ವ ಜವಳಿಯವರಿಗೆ ಚೆನ್ನಾಗಿ ಗೊತ್ತು: ನಮ್ಮ ಕೈಗೆ ಮಾಲು ಬರುವಷ್ಟರಲ್ಲಿ ತಯಾರಕ, ಸಗಟು ವ್ಯಾಪಾರಿ, ಏಜೆಂಟ್ ಎಲ್ಲರ ಪಾಲೂ ಅದರ ಬೆಲೆಗೆ ಸೇರಿರುತ್ತದೆ, ಉಳಿದುಹೋದದ್ದನ್ನು ಆಷಾಢದ ರಿಯಾಯಿತಿಯಲ್ಲಿ ಅಸಲಿಗಿಂತ ಕಡಿಮೆಗೆ ಕೊಡಬೇಕಾಗುತ್ತದೆ. ಯಾವ ಬಣ್ಣ, ಯಾವ ಅಳತೆ ಖಾಲಿಯಾಯಿತು ಎಂಬುದನ್ನು ತನ್ನ ಗಲ್ಲಾದಿಂದಲೇ ತಿಳಿದು, ಮುಂದಿನ ಕಂತನ್ನು ಅದಕ್ಕೆ ತಕ್ಕಂತೆ ಹೊಲಿಸುವವನಿಗೆ ಈ ನಷ್ಟ ಬಹಳ ಕಡಿಮೆ. 2010ರಿಂದ ಭಾರತದಲ್ಲಿ ಜಾರಾ ಮಳಿಗೆಗಳನ್ನು ತೆರೆದ ಸ್ಪೇನಿನ ಇಂಡಿಟೆಕ್ಸ್ ಕೂಡ ಇದೇ ತತ್ತ್ವದ ಮೇಲೆ ಬೆಳೆದದ್ದು. ಆ ಮಳಿಗೆಗಳನ್ನು ತೆರೆದ ಜಂಟಿ ಉದ್ಯಮದಲ್ಲಿ ಟ್ರೆಂಟ್ ಪಾಲುದಾರನಾಗಿತ್ತು.

2016ರಲ್ಲಿ ಜುಡಿಯೊ ಬಂದಾಗ ಈ ಕಲಿಕೆಯೆಲ್ಲ ಸಿದ್ಧವಾಗಿತ್ತು. ಅದು ಆನ್‌ಲೈನ್ ಮಾರಾಟಕ್ಕೆ ಹೋಗಲಿಲ್ಲ, ದೊಡ್ಡ ಜಾಹೀರಾತಿಗೂ ಹಣ ಸುರಿಯಲಿಲ್ಲ. ಸಣ್ಣ ಊರುಗಳ ಮುಖ್ಯರಸ್ತೆಯಲ್ಲೂ ಮಳಿಗೆ ತೆರೆದು, ಸಾವಿರ ರೂಪಾಯಿಯೊಳಗಿನ ಬಟ್ಟೆಗಳನ್ನಿಟ್ಟು, ಮಾಲನ್ನು ಬೇಗ ಬೇಗ ಬದಲಿಸಿತು. 2024ರ ಮಾರ್ಚ್ ಅಂತ್ಯಕ್ಕೆ ವೆಸ್ಟ್‌ಸೈಡ್‌ಗೆ 232 ಮಳಿಗೆಗಳಿದ್ದರೆ, ತೀರ ಈಚಿನ ಜುಡಿಯೊಗೆ 545 ಇದ್ದವು.

ಇಷ್ಟು ವೇಗದ ವಿಸ್ತರಣೆ ಉಳಿಯಬಲ್ಲದೇ ಎಂದು ತಿಳಿಯಬೇಕಾದರೆ, ಮಳಿಗೆಗಳ ಸಂಖ್ಯೆಗಿಂತ ಹಳೆಯ ಮಳಿಗೆಗಳ ಮಾರಾಟವನ್ನು ಗಮನಿಸಿರಿ. ಒಂದೇ ಊರಿನಲ್ಲಿ ಮೂರನೆಯ ಮಳಿಗೆ ತೆರೆದಾಗ ಮೊದಲ ಎರಡರ ಗಿರಾಕಿಗಳು ಅಲ್ಲಿಗೆ ಹಂಚಿಹೋಗುವ ಸಾಧ್ಯತೆ ಇದ್ದೇ ಇರುತ್ತದೆ.